ಎಂಆರ್‌ಐ ನಾರ್ಮಲ್, ಆದ್ರೂ ಅಪ್ಪ ಯಾಕೆ ಬೀಳ್ತಾರೆ?

"ಎಂಆರ್‌ಐ ನಾರ್ಮಲ್ ಬಂದಿದ್ಯಲ್ಲ, ಇನ್ನೇನು ಚಿಂತೆ?" ಅಂತ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದ್ರು. ಅಪ್ಪನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಗಿ ಆರು ವರ್ಷ. ಕೈನಡುಕ ಮಾತ್ರೆಯಿಂದ ಹಿಡಿತಕ್ಕೆ ಬಂದಿದೆ. ಆದರೆ ಈ ವರ್ಷ ಮೂರು ಸಲ ಬಿದ್ದಿದ್ದಾರೆ. ಒಂದು ಸಲ ಮಣಿಕಟ್ಟಿನ ಮೂಳೆಯೇ ಮುರಿಯಿತು. ರಿಪೋರ್ಟ್ ಸರಿ ಇದ್ದರೂ ಮನುಷ್ಯ ಬೀಳ್ತಾರೆ ಅಂದ್ರೆ ಹೇಗೆ? ಚಿಕ್ಕಪ್ಪನ ಹಾಗೆ ನಿಮಗೂ ಈ ಪ್ರಶ್ನೆ ಬಂದಿರಬಹುದು.

ಎಂಆರ್‌ಐ ತೋರಿಸೋದು ಮುಖ್ಯವಾಗಿ ಮಿದುಳಿನ ರಚನೆಯನ್ನು. ಮನೆಯ ಫೋಟೋ ನೋಡಿದ ಹಾಗೆ. ಗೋಡೆ ಬಿರುಕು ಬಿಟ್ಟಿದ್ದರೆ ಕಾಣುತ್ತೆ, ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಕಾಣಲ್ಲ. ಪಾರ್ಕಿನ್ಸನ್ಸ್ ಇರುವವರ ಸಾಮಾನ್ಯ ಎಂಆರ್‌ಐ ಹೆಚ್ಚಾಗಿ ನಾರ್ಮಲ್ಲೇ ಬರುತ್ತೆ. ಹಾಗಂತ ಅದು ದಂಡ ಅಲ್ಲ. ಬೀಳೋದಕ್ಕೆ ಪಾರ್ಶ್ವವಾಯು, ಗೆಡ್ಡೆ, ಮಿದುಳಿನಲ್ಲಿ ನೀರು ತುಂಬಿರೋದು ಹೀಗೆ ಬೇರೆ ಕಾರಣ ಇದೆಯಾ ಅಂತ ನೋಡೋಕೆ ಅದು ಬೇಕೇ ಬೇಕು.

ಕರೆಂಟ್ ನೋಡೋಕೆ ಪೆಟ್, ಸ್ಪೆಕ್ಟ್ ಅನ್ನೋ ಸ್ಕ್ಯಾನ್‌ಗಳಿವೆ. ಸ್ವಲ್ಪವೇ ವಿಕಿರಣ ಸೂಸುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ, ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತೆ ಅಂತ ನೋಡ್ತಾರೆ. ಡೋಪಮೈನ್ ನರಗಳನ್ನು ತೋರಿಸುವ ಸ್ಕ್ಯಾನಿನಲ್ಲಿ ಆರೋಗ್ಯವಂತರ ಮಿದುಳಿನಲ್ಲಿ ಎರಡು ಅಲ್ಪವಿರಾಮ ಚಿಹ್ನೆ ಬರೆದ ಹಾಗೆ ಕಾಣುತ್ತೆ. ಪಾರ್ಕಿನ್ಸನ್ಸ್ ಇದ್ದರೆ ಅದರ ಬಾಲ ಮಾಸಿ ಬರೀ ಚುಕ್ಕೆ ಉಳಿಯುತ್ತೆ.

ನನಗೆ ಕುತೂಹಲ ಹುಟ್ಟಿಸಿದ್ದು ಇದರ ಮುಂದಿನ ವಿಷಯ. ಲೆವೊಡೋಪಾ ಮಾತ್ರೆ ಡೋಪಮೈನ್ ಕೊರತೆ ತುಂಬುತ್ತೆ. ಬಿಗಿತ, ನಿಧಾನಗತಿ ಕಡಿಮೆಯಾಗುತ್ತೆ. ಆದರೆ ಬ್ಯಾಲೆನ್ಸ್ ಅಷ್ಟಾಗಿ ಸುಧಾರಿಸಲ್ಲ. 2009ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ನಿಕೋಲಾಸ್ ಬೋನೆನ್ ಮತ್ತು ತಂಡದವರು ಪಾರ್ಕಿನ್ಸನ್ಸ್ ಇದ್ದು ಬೀಳುವವರು, ಬೀಳದವರು ಇಬ್ಬರ ಪೆಟ್ ಸ್ಕ್ಯಾನ್‌ಗಳನ್ನೂ ಹೋಲಿಸಿದರು. ಡೋಪಮೈನ್ ನಷ್ಟದಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಬೀಳುವವರಲ್ಲಿ ಕಡಿಮೆ ಇದ್ದದ್ದು ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಾಸಾಯನಿಕದ ಚಟುವಟಿಕೆ. ಗಮನ ಕೊಡೋದಕ್ಕೂ ಹೆಜ್ಜೆ ಸಂಭಾಳಿಸೋದಕ್ಕೂ ಮಿದುಳು ಇದನ್ನೇ ಬಳಸುತ್ತೆ.

ನನ್ನ ಕೆಲಸದ ಭಾಷೆಯಲ್ಲಿ ಹೇಳ್ತೀನಿ. ನಮಗೆಲ್ಲ ನಡಿಗೆ ಅನ್ನೋದು ಬ್ಯಾಕ್‌ಗ್ರೌಂಡಿನಲ್ಲಿ ಓಡುವ ಪ್ರೋಗ್ರಾಂ. ಪಾರ್ಕಿನ್ಸನ್ಸ್‌ನಲ್ಲಿ ಅದು ನಿಂತುಹೋಗುತ್ತಾ ಬರುತ್ತೆ, ಒಂದೊಂದು ಹೆಜ್ಜೆಯನ್ನೂ ಗಮನವಿಟ್ಟು ಇಡಬೇಕು. ಆ ಗಮನಕ್ಕೇ ಅಸಿಟೈಲ್‌ಕೋಲಿನ್ ಸಾಲದಿದ್ದರೆ? ನಡೀತಾ ಮಾತಾಡಿದರೆ ಎರಡರಲ್ಲಿ ಒಂದು ಕೈಕೊಡುತ್ತೆ. ಅಪ್ಪ ಮೂರರಲ್ಲಿ ಎರಡು ಸಲ ಬಿದ್ದದ್ದು ಫೋನಿನಲ್ಲಿ ಮಾತಾಡ್ತಾ ನಡೆಯುವಾಗಲೇ.

ಈಗ ನಮ್ಮನೇಲಿ ಫೋನ್ ಬಂದರೆ ಅಪ್ಪ ಮೊದಲು ಕೂರ್ತಾರೆ, ಆಮೇಲೆ ಎತ್ತುತ್ತಾರೆ. ತಿರುಗುವಾಗ ಗಕ್ಕನೆ ತಿರುಗದೆ ಅರ್ಧಚಂದ್ರಾಕಾರವಾಗಿ ಸುತ್ತಿ ಬರ್ತಾರೆ. ಕಾಲೊರೆಸೋ ಮ್ಯಾಟುಗಳು ಅಟ್ಟ ಸೇರಿವೆ. ಬಚ್ಚಲಮನೆಯಲ್ಲಿ ಹಿಡಿಕೆ ಹಾಕಿಸಿದ್ದೀವಿ. ಹೊಸ್ತಿಲ ಹತ್ತಿರ ಅವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತಿತ್ತು. ಅಲ್ಲಿ ನೆಲಕ್ಕೆ ಬಣ್ಣದ ಟೇಪಿನ ಗೆರೆ ಅಂಟಿಸಿದ್ದೀವಿ. ಗೆರೆ ದಾಟಬೇಕು ಅಂದುಕೊಂಡರೆ ಹೆಜ್ಜೆ ಏಳುತ್ತೆ. ಅಮ್ಮನಿಗೆ ಇದು ಕುಂಟೆಬಿಲ್ಲೆ ಆಟ!

ನಿಮ್ಮ ಮನೆಯಲ್ಲೂ ಪಾರ್ಕಿನ್ಸನ್ಸ್ ಇರುವವರಿದ್ದರೆ ಎರಡು ಕೆಲಸ ಮಾಡಿ. ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಪಟ್ಟಿ ನರರೋಗ ತಜ್ಞರಿಗೆ ತೋರಿಸಿ. ಅಲರ್ಜಿಯ ಕೆಲವು ಮಾತ್ರೆಗಳು, ನಡುಕಕ್ಕೇ ಕೊಡುವ ಕೆಲವು ಹಳೇ ಮಾತ್ರೆಗಳು ಅಸಿಟೈಲ್‌ಕೋಲಿನ್‌ಗೆ ಅಡ್ಡಿ ಮಾಡುತ್ತವೆ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಎದ್ದು ನಿಂತಾಗ ಬಿಪಿ ಇಳಿಯುತ್ತಾ ಅಂತಲೂ ನೋಡಲು ಹೇಳಿ, ಬೀಳೋದಕ್ಕೆ ಅದೂ ಕಾರಣ ಆಗಬಹುದು.

ಎರಡನೆಯದು, ಬಿದ್ದ ಪ್ರತಿ ಸಲವೂ ದಿನ, ಹೊತ್ತು, ಆಗ ಏನು ಮಾಡ್ತಿದ್ದರು, ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು ಅಂತ ಫೋನಿನಲ್ಲಿ ಬರೆದಿಡಿ. ಹಿರಿಯರು "ಏನಿಲ್ಲ, ಸ್ವಲ್ಪ ಜಾರಿದೆ ಅಷ್ಟೇ" ಅಂದು ಮುಚ್ಚಿಡ್ತಾರೆ. ಅದನ್ನೂ ಬರೆದುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಸ್ಕ್ಯಾನ್ ಕವರಿನ ಜೊತೆ ಆ ಪಟ್ಟಿಯೂ ಇರಲಿ.