ಅರ್ಧಕ್ಕೆ ನಿಂತ ಓಟ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸಮತಟ್ಟಾದ ಬಯಲೇ ಅಪೂರ್ವ. ಅಡಕೆಯ ತೋಟ, ಬೆಟ್ಟ, ಹಳ್ಳಗಳ ನಡುವೆ ಚದುರಿದ ಮನೆಗಳು. ಇಂತಹ ಕಡೆ ಶಾಲೆಗೆ ನಡೆದೇ ಹೋಗುವ ಮಕ್ಕಳ ಕಾಲು ಗಟ್ಟಿಯಾಗುವುದು ಸಹಜ. ಆದರೆ ಗಟ್ಟಿ ಕಾಲಿಗೂ ಪದಕಕ್ಕೂ ನಡುವಿನ ದಾರಿ ಬಹಳ ದೂರ.

ಯಲ್ಲಾಪುರದ ಕಾಡಂಚಿನಲ್ಲಿಯೂ ನೆರೆಯ ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿಯೂ ಸಿದ್ದಿ ಜನರು ವಾಸಿಸುತ್ತಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ. ಟಿ. ಉಷಾ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚಿನ ಪದಕವನ್ನು ಕಳೆದುಕೊಂಡರು. ಭಾರತ ಬರಿಗೈಯಲ್ಲಿ ಮರಳಿತು. ಆ ವರ್ಷವೇ ಸ್ಥಾಪನೆಯಾದ ಭಾರತೀಯ ಕ್ರೀಡಾ ಪ್ರಾಧಿಕಾರವು ಮುಂದೆ ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಕೈಗೊಂಡು, 1987ರ ಸುಮಾರಿಗೆ ಸಿದ್ದಿ ಮಕ್ಕಳನ್ನೂ ಆರಿಸಿತು. ಊಟ, ವಸತಿ, ಓದು, ತರಬೇತಿ ಎಲ್ಲವೂ ಸರಕಾರದ್ದು. ಆ ಮಕ್ಕಳಲ್ಲೊಬ್ಬರಾದ ಕಮಲಾ ಸಿದ್ದಿ ಅಥ್ಲೆಟಿಕ್ಸ್‌ನಲ್ಲಿ ರಾಷ್ಟ್ರಮಟ್ಟದ ಹೆಸರು ಗಳಿಸಿದರು. ಆದರೆ 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಯೋಜನೆ ನಿಂತುಹೋಯಿತು. ಕೆಲವರಿಗೆ ನೌಕರಿ ದೊರೆಯಿತು. ಉಳಿದವರು ಕೂಲಿಗೆ ಮರಳಿದರು.

ಆರೇಳು ವರ್ಷಗಳಲ್ಲಿ ಅಡಕೆ ಸಸಿಯೂ ಪೂರ್ಣ ಫಲಕ್ಕೆ ಬರುವುದಿಲ್ಲ. ಹನ್ನೆರಡರ ಹರೆಯದ ಮಗುವಿನಿಂದ ಅಷ್ಟರೊಳಗೆ ಒಲಿಂಪಿಕ್ ಪದಕವನ್ನು ಬಯಸುವುದು ಯಾವ ಲೆಕ್ಕ? ಇಲ್ಲಿ ಇನ್ನೊಂದು ತಪ್ಪೂ ಇದೆ. ಆಫ್ರಿಕದ ರಕ್ತವೇ ಓಡಿಸುತ್ತದೆಂಬ ನಂಬಿಕೆ ಆ ಯೋಜನೆಯ ಬುಡದಲ್ಲಿತ್ತು. ಕೀನ್ಯದ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿನ ಈಟೆನ್ ಎಂಬ ಸಣ್ಣ ಊರಿನ ಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಶಿಕ್ಷಕರಾಗಿ ಬಂದ ಕಾಲ್ಮ್ ಓ’ಕಾನೆಲ್ ಅಲ್ಲಿಯೇ ನೆಲೆನಿಂತು ದಶಕಗಳ ಕಾಲ ಮಕ್ಕಳನ್ನು ಓಡಿಸಿದರು. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದ ಡೇವಿಡ್ ರುಡಿಶಾ ಅವರ ಶಿಷ್ಯ. ರಕ್ತದ ಮಾತನ್ನು ಒಪ್ಪುವವರೂ ಆ ಗುರುವಿನ ತಾಳ್ಮೆಯನ್ನು ಲೆಕ್ಕದಿಂದ ಬಿಡಲಾಗದು.

ಹಸಿದವರ ನಾಡಿನಲ್ಲಿ ಆಟಕ್ಕೇಕೆ ಹಣವೆಂದು ಕೇಳುವವರಿದ್ದಾರೆ. ಅದು ಅಲಕ್ಷಿಸತಕ್ಕ ಪ್ರಶ್ನೆಯಲ್ಲ. ಆದರೆ ನಡುವೆ ಕೈಬಿಟ್ಟ ಯೋಜನೆಯಷ್ಟು ದುಬಾರಿಯಾದ ವೆಚ್ಚ ಇನ್ನೊಂದಿಲ್ಲ. ಖರ್ಚಾದ ಹಣವೂ ಹೋಯಿತು, ಮಗುವಿನ ವರ್ಷಗಳೂ ಹೋದವು. 2014ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಒಲಿಂಪಿಕ್ ಪದಕ ಯೋಜನೆಯ ನೆರವು ನೀರಜ್ ಚೋಪ್ರಾ ಅವರಂಥವರಿಗೆ ದೊರೆಯಿತು. 2021ರಲ್ಲಿ ಟೋಕಿಯೋದಲ್ಲಿ ಅವರು ಜಾವೆಲಿನ್ ಎಸೆತದ ಚಿನ್ನ ಗೆದ್ದರು. ಆ ನೆರವು ಏಣಿಯ ಮೇಲಿನ ಮೆಟ್ಟಿಲೇರಿದವರಿಗೆ. ಯಲ್ಲಾಪುರದ ಬಾಲಕಿಗೆ ಬೇಕಾದುದು ಕೆಳಗಿನ ಮೆಟ್ಟಿಲು: ಮನೆಗೆ ಸಮೀಪದ ಬಯಲು, ವರ್ಷವರ್ಷವೂ ಬದಲಾಗದ ತರಬೇತುದಾರ, ದಿನಕ್ಕೆರಡು ಹೊತ್ತಿನ ಪೌಷ್ಟಿಕ ಆಹಾರ, ಓಟದಲ್ಲಿ ಸೋತರೂ ಎಸ್.ಎಸ್.ಎಲ್.ಸಿ. ದಾಟಿಸುವ ಶಾಲೆ.