ಕಾತ್ರಜ್‌ವರೆಗೆ ಮೆಟ್ರೋ: ಲಾಭ ಎಷ್ಟು, ಯಾರಿಗೆ?

ಬೆಳಗಾವಿ, ಹುಬ್ಬಳ್ಳಿಗಳಿಂದ ರಾತ್ರಿ ಬಸ್ಸು ಹತ್ತಿ ಪುಣೆಗೆ ಬರುವ ನಮ್ಮ ಬಂಧುಗಳಿಗೆ ನಗರದ ದರ್ಶನವಾಗುವುದು ಕಾತ್ರಜ್ ಘಟ್ಟ ದಾಟಿದ ಮೇಲೆ. ಅಲ್ಲಿಂದ ಸ್ವಾರ್‌ಗೇಟ್ ನಿಲ್ದಾಣ ಐದಾರು ಕಿ.ಮೀ. ಮಾತ್ರ. ಆದರೆ ಕಚೇರಿ ವೇಳೆಯಲ್ಲಿ ಆ ಸಾತಾರಾ ರಸ್ತೆಯನ್ನು ಕ್ರಮಿಸುವುದು ಎಂತಹ ಪ್ರಯಾಸವೆಂಬುದನ್ನು ಧನಕವಡಿ, ಬಾಲಾಜಿನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನಾವು ಹೇಳಬೇಕಾಗಿಲ್ಲ.

ಪುಣೆಯ ಮೆಟ್ರೋ ಸಂಚಾರ ಆರಂಭವಾದದ್ದು 2022ರ ಮಾರ್ಚ್ 6ರಂದು. 2024ರ ಸೆಪ್ಟೆಂಬರ್ 29ರಂದು ಜಿಲ್ಲಾ ನ್ಯಾಯಾಲಯ–ಸ್ವಾರ್‌ಗೇಟ್ ಸುರಂಗ ಭಾಗವು ಉದ್ಘಾಟನೆಗೊಂಡು, ಪಿಂಪ್ರಿ–ಚಿಂಚವಾಡದಿಂದ ಸ್ವಾರ್‌ಗೇಟ್‌ವರೆಗಿನ ಮಾರ್ಗ ಪೂರ್ಣವಾಯಿತು. ಅಂದೇ ಕಾತ್ರಜ್ ವಿಸ್ತರಣೆಗೂ ಶಿಲಾನ್ಯಾಸವಾಯಿತು. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಈ ಯೋಜನೆಯ ಉದ್ದ 5.46 ಕಿ.ಮೀ., ವೆಚ್ಚ 2,954.53 ಕೋಟಿ ರೂಪಾಯಿ. ಪೂರ್ತಿ ನೆಲದಡಿಯ ಮಾರ್ಗ. ಬ್ಯಾಂಕಿನ ಲೆಕ್ಕದ ರೂಢಿಯಿಂದ ಭಾಗಿಸಿ ನೋಡಿದರೆ ಕಿ.ಮೀ.ಗೆ ಸುಮಾರು 541 ಕೋಟಿ!

ಇಷ್ಟು ಹಣಕ್ಕೆ ತಕ್ಕ ಫಲವೇನು? ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಕನ್ನಡ ಸಂಘದ ಪ್ರೌಢಶಾಲೆ ಇರುವುದು ಎರಂಡವಣೆಯ ಗಣೇಶನಗರದಲ್ಲಿ. ಕಾತ್ರಜ್ ಕಡೆಯ ವಿದ್ಯಾರ್ಥಿಯು ನಾಳೆ ಮೆಟ್ರೋ ಹತ್ತಿ, ಜಿಲ್ಲಾ ನ್ಯಾಯಾಲಯ ನಿಲ್ದಾಣದಲ್ಲಿ ವನಾಜ್ ಗಾಡಿಗೆ ಬದಲಾಯಿಸಿ, ನಳ ಸ್ಟಾಪ್‌ನಲ್ಲಿ ಇಳಿಯಬಹುದು. ಮಳೆಗಾಲದಲ್ಲಿ ದ್ವಿಚಕ್ರ ವಾಹನದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ತಂದೆತಾಯಂದಿರ ಆತಂಕ ತಗ್ಗುವುದಾದರೆ ಅದನ್ನು ಯಾವ ಖಾತೆಗೆ ಜಮಾ ಮಾಡುವುದು? ಸಾತಾರಾ ಕಡೆಯಿಂದ ಬರುವ ಬಸ್ಸಿನವರೂ ಕಾತ್ರಜ್‌ನಲ್ಲೇ ಇಳಿದು ಮುಂದುವರಿಯಬಹುದು.

ಆದರೆ ಮಾರ್ಗದ ಉದ್ದಕ್ಕಿಂತ ನಿಲ್ದಾಣದ ಸಾಮೀಪ್ಯವೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಇದೇ ಕಾತ್ರಜ್‌ನ ಕೆರೆಯಿಂದ ಶನಿವಾರವಾಡೆಯತ್ತ ನೆಲದಡಿಯ ಕಾಲುವೆಯಲ್ಲಿ ನೀರು ಹರಿಯಿತು. ಕಾಲುವೆ ಎಷ್ಟೇ ಉದ್ದವಿದ್ದರೂ ಜನರಿಗೆ ನೀರು ದೊರೆತದ್ದು ಪೇಟೆಗಳಲ್ಲಿ ಕಟ್ಟಿದ ಹೌದಗಳ ಬಳಿಯಲ್ಲಿ. ಮೆಟ್ರೋದ ಮೂಲ ಯೋಜನೆಯಲ್ಲಿ ಇದ್ದದ್ದು ಮಾರ್ಕೆಟ್ ಯಾರ್ಡ್, ಪದ್ಮಾವತಿ, ಕಾತ್ರಜ್ ಎಂಬ ಮೂರೇ ನಿಲ್ದಾಣಗಳು. ಅವುಗಳ ನಡುವಣ ಅಂತರ ಎರಡು ಕಿ.ಮೀ.ಗೆ ಸಮೀಪ. ಮಂಡಿನೋವಿನ ಹಿರಿಯರು ಅಷ್ಟು ನಡೆದಾರೆಯೇ? 2025ರಲ್ಲಿ ರಾಜ್ಯ ಸಚಿವ ಸಂಪುಟವು ಬಾಲಾಜಿನಗರ, ಬಿಬವೇವಾಡಿ ನಿಲ್ದಾಣಗಳನ್ನು ಸೇರಿಸಲು ಒಪ್ಪಿತು. ವೆಚ್ಚ ಏರಿತೆಂದು ಗೊಣಗುವವರಿದ್ದಾರೆ. ನಮಗೆ ಇಡೀ ಯೋಜನೆಯಲ್ಲಿ ಅತಿ ಸಾರ್ಥಕವಾದ ಖರ್ಚು ಅದೇ ಎನಿಸುತ್ತದೆ.

ಇದೇ ರಸ್ತೆಯಲ್ಲಿ 2006ರ ಡಿಸೆಂಬರಿನಲ್ಲಿ ದೇಶದ ಪ್ರಥಮ ಬಿ.ಆರ್.ಟಿ. ಪ್ರಯೋಗ ನಡೆದದ್ದು ಹಲವರಿಗೆ ನೆನಪಿರಬಹುದು. ಬಸ್ಸಿಗೆಂದು ಮೀಸಲಾದ ಪಥದೊಳಗೆ ಇತರ ವಾಹನಗಳು ನುಗ್ಗಿದವು. ರಸ್ತೆಯ ಮಧ್ಯದ ತಂಗುದಾಣಕ್ಕೆ ಹೋಗಲು ಪಾದಚಾರಿಗಳು ಪ್ರಾಣ ಕೈಯಲ್ಲಿ ಹಿಡಿದು ದಾಟಬೇಕಾಯಿತು. ಅಲ್ಲಿ ಕೊರತೆಯಾದದ್ದು ಬಸ್ಸಿನದಲ್ಲ, ಬಸ್ಸಿನವರೆಗಿನ ದಾರಿಯದು. ಮೆಟ್ರೋ ಕಾತ್ರಜ್ ತಲುಪಲು ಇಟ್ಟುಕೊಂಡ ಗುರಿ 2029ರ ಫೆಬ್ರುವರಿ. ಆಂಬೇಗಾಂವ್, ಕೊಂಢವಾ ಬಡಾವಣೆಗಳಿಂದ ನಿಲ್ದಾಣಕ್ಕೆ ಪಿ.ಎಂ.ಪಿ. ಬಸ್ಸುಗಳು, ಅಗಲವಾದ ಪಾದಚಾರಿ ಮಾರ್ಗ, ವಾಹನ ನಿಲುಗಡೆಯ ಜಾಗ, ಇವೆಲ್ಲವನ್ನೂ ಸುರಂಗ ಕೊರೆಯುವಾಗಲೇ ನಿಗದಿಪಡಿಸಬೇಕೆಂದು ಆ ಭಾಗದ ಸದಸ್ಯರು ತಮ್ಮ ನಗರಸೇವಕರನ್ನು ಈಗಲೇ ಕೇಳುವುದು ಒಳ್ಳೆಯದು.