ಟ್ರ್ಯಾಕಿಲ್ಲದ ಊರಿನ ಟ್ರ್ಯಾಕ್ ಕಾರು

ಹಳೆಯ ಮಾರುತಿ 800 ಒಂದನ್ನು ಕೊಂಡು, ಒಳಗಿನದೆಲ್ಲ ಕಿತ್ತುಹಾಕಿ, ಸರ್ಕ್ಯೂಟಿನಲ್ಲಿ ಓಡಿಸುವ ಹಗುರ ಕಾರು ಮಾಡಬೇಕೆಂಬ ಆಸೆ ಶಿವಮೊಗ್ಗದ ಹುಡುಗನೊಬ್ಬನಿಗೆ ಹುಟ್ಟಿದರೆ, ಅದನ್ನು ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೆಕ್ಕ ಅವನ ಪರವಾಗಿಯೇ ಇದೆ. ಕಾರಿನ ತೂಕ ಸುಮಾರು 650 ಕಿಲೊ, 796 ಸಿಸಿ ಎಂಜಿನ್ನಿನ ಶಕ್ತಿ ಸುಮಾರು 37 ಎಚ್‌ಪಿ. ಅದರಲ್ಲಿ 65 ಕಿಲೊ ಇಳಿಸಿದರೆ, ಎಂಜಿನ್ ಮುಟ್ಟದೆಯೇ ಸುಮಾರು ನಾಲ್ಕು ಎಚ್‌ಪಿ ಹೆಚ್ಚಿಸಿದಷ್ಟು ಫಲ. ಹೆಚ್ಚಿಸಿದ ಎಚ್‌ಪಿ ಕಾರು ವೇಗ ಪಡೆಯುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇಳಿಸಿದ ತೂಕ ಬ್ರೇಕಿಗೆ, ತಿರುವಿಗೆ, ಟೈರಿನ ಬಾಳಿಕೆಗೆ, ಎಲ್ಲಕ್ಕೂ ಒದಗುತ್ತದೆ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ತಂದದ್ದು ಇದೇ ನಂಬಿಕೆಯ ಮೇಲೆ. ಅಷ್ಟು ದೂರ ಹೋಗುವುದೂ ಬೇಡ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಇದೇ 800ರ ಎಂಜಿನ್ನನ್ನು ಪೈಪಿನ ಚೌಕಟ್ಟಿಗೆ ಕೂರಿಸಿ ಫಾರ್ಮುಲಾ ಮಾರುತಿ ಕಟ್ಟಿದರು. ನಾರಾಯಣ್ ಕಾರ್ತಿಕೇಯನ್ ರೇಸಿಗಿಳಿದದ್ದು ಅದರಲ್ಲೇ.

ಕೈಕೆಲಸದವರಿಗೂ ನಮ್ಮಲ್ಲಿ ಬರವಿಲ್ಲ. ಭದ್ರಾವತಿಯಲ್ಲಿ ಕಬ್ಬಿಣ ಕರಗತೊಡಗಿದ್ದು 1923ರಲ್ಲಿ. ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಮುಚ್ಚುತ್ತೇವೆಂದು ಅದರ ಒಡೆತನದ ಸಂಸ್ಥೆ ಸೈಲ್ 2023ರ ಜನವರಿಯಲ್ಲಿ ಹೇಳಿದಾಗ ಊರೇ ಬೀದಿಗಿಳಿಯಿತು. ಆದರೆ ಅಲ್ಲಿ ಕಲಿತ ಟರ್ನರ್, ಫಿಟ್ಟರ್‌ಗಳ ವಿದ್ಯೆ ಯಾವ ಆದೇಶಕ್ಕೂ ಮುಚ್ಚಿಹೋಗುವಂಥದ್ದಲ್ಲ. ಮಾಚೇನಹಳ್ಳಿಯ ಕಡೆ ಫೌಂಡ್ರಿಗಳಿವೆ, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಮೇಸ್ತ್ರಿಗಳಿದ್ದಾರೆ. ಎಂಜಿನಿಯರಿಂಗ್ ಓದುವ ಹುಡುಗ ಇವರ ಜೊತೆ ಒಂದು ಬೇಸಿಗೆ ಕಳೆದರೆ ಕಲಿಯುವುದು ಕಡಿಮೆಯೇನಲ್ಲ.

ಆದರೆ ಕಾರು ಬಿಚ್ಚಲು ಕೂತಾಗ ಲೆಕ್ಕ ಬದಲಾಗುತ್ತದೆ. ಸ್ಟೆಪ್ನಿ, ಹಿಂದಿನ ಸೀಟು, ಕಾರ್ಪೆಟ್ ಸಲೀಸಾಗಿ ಬರುತ್ತವೆ. ತಳಕ್ಕೆ ಅಂಟಿದ ಡಾಂಬರ್ ಶೀಟನ್ನು ಬಿಸಿ ಮಾಡಿ, ಪುಟ್ಟಿ ಪಟ್ಟಿಯಿಂದ ಕೆರೆಯಬೇಕು. ಕೆರೆದ ಮೇಲೆ ಮಲೆನಾಡಿನ ಮಳೆ ಮಾಡಿದ್ದು ಕಣ್ಣಿಗೆ ಬೀಳುತ್ತದೆ: ಸ್ಕ್ರೂಡ್ರೈವರ್ ಒತ್ತಿದರೆ ತಗಡಿನಾಚೆ ನೆಲ. ಟಿಂಕರ್ ಪ್ಯಾಚ್ ಹಾಕಿದಷ್ಟೂ ತೂಕ ಮತ್ತೆ ಏರುತ್ತದೆ. ಮೇಲೆ ರೋಲ್ ಕೇಜ್, ಅದೇ ಮೂವತ್ತು ನಲವತ್ತು ಕಿಲೊ. ಅದಕ್ಕೆ ಸೀಮ್‌ಲೆಸ್ ಪೈಪ್ ಬೇಕು. ಗೇಟು, ಗ್ರಿಲ್ ಬೆಸೆಯುವ ಕೈಯಲ್ಲಿ ಅದನ್ನು ಬೆಸೆಸಿದರೆ ಪಲ್ಟಿಯಾದಾಗ ಕಾಯಬೇಕಾದದ್ದೇ ಒಡೆಯುತ್ತದೆ. ಇನ್ನೊಂದು ತೊಡಕು ಬಹಳ ಮಂದಿಗೆ ಹೊಳೆಯುವುದಿಲ್ಲ. 800ರ ಭಾರವೆಲ್ಲ ಮೊದಲೇ ಮುಂದಿದೆ. ಹಿಂಬದಿಯನ್ನು ಪೂರ್ತಿ ಬರಿದು ಮಾಡಿದರೆ, ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲೇ ಬಿಗಿದು ಕಾರು ಗಿರಕಿ ಹೊಡೆಯುತ್ತದೆ. ತೂಕ ಇಳಿಸಿದವರು ಬ್ರೇಕನ್ನೂ ಹೊಸದಾಗಿ ಹೊಂದಿಸಬೇಕು.

ಇಷ್ಟೆಲ್ಲ ಮಾಡಿ ಓಡಿಸುವುದೆಲ್ಲಿ? ಕಾರ್ ರೇಸಿಗೆ ತಕ್ಕ ದೊಡ್ಡ ಸರ್ಕ್ಯೂಟ್ ಕರ್ನಾಟಕದಲ್ಲಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಇಲ್ಲಿಂದ ಹತ್ತಿರ ಹತ್ತಿರ 450 ಕಿಲೊಮೀಟರ್, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ ಆರುನೂರರ ಆಸುಪಾಸು. ಲಾರಿ ಬಾಡಿಗೆ, ಟ್ರ್ಯಾಕ್ ಶುಲ್ಕ, ರಜೆ ಎಲ್ಲ ಸೇರಿದರೆ ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಸೋಗಾನೆ ವಿಮಾನ ನಿಲ್ದಾಣದ 3,200 ಮೀಟರ್ ರನ್‌ವೇ ನೋಡಿ ಬಾಯಲ್ಲಿ ನೀರೂರಬಹುದು. ಚೆನ್ನೈಯವರು ಶೋಲಾವರಂನಲ್ಲಿ ಹಳೆಯ ಏರ್‌ಸ್ಟ್ರಿಪ್ಪಿನ ಮೇಲೆಯೇ ದಶಕಗಟ್ಟಲೆ ರೇಸ್ ನಡೆಸಿದ್ದರು, ನಿಜ. ಆದರೆ ನಮ್ಮದರಲ್ಲಿ ವಿಮಾನ ಇಳಿಯುತ್ತಿದೆ.

ಉಳಿಯುವುದು ಬಿ.ಎಚ್. ರಸ್ತೆ, ನನ್ನ ಭಯವಿರುವುದೂ ಅಲ್ಲೇ. ಶಿವಮೊಗ್ಗ–ಭದ್ರಾವತಿ ನಡುವಿನ ಇಪ್ಪತ್ತು ಕಿಲೊಮೀಟರಿನಲ್ಲಿ ಶಾಲೆ ಮಕ್ಕಳು, ಎಮ್ಮೆ, ಟ್ರ್ಯಾಕ್ಟರ್ ಎಲ್ಲ ಇವೆ. ಹೆಲ್ಮೆಟ್ ಇಲ್ಲದೆ ರೋಲ್ ಕೇಜ್ ಕಾರು ಓಡಿಸುವುದು ಮಾಮೂಲಿ ಕಾರಿಗಿಂತ ಅಪಾಯ, ಗುದ್ದಿದರೆ ತಲೆಗೆ ಮೊದಲು ಸಿಗುವುದು ಆ ಪೈಪೇ. ಕಾನೂನೂ ಕೈಹಿಡಿಯುವುದಿಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ ಅದೇ ವರ್ಷದ ತಿದ್ದುಪಡಿ ಪ್ರಕಾರ ಅಂಥ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಹಾಗಾಗಿ ನನ್ನ ತೀರ್ಪು ಷರತ್ತಿನದು. ಓಡಿಸುವುದಕ್ಕಿಂತ ಕಟ್ಟುವುದರಲ್ಲೇ ಹೆಚ್ಚು ಖುಷಿ ಪಡುವವರು, ಆರ್‌ಸಿ ರದ್ದು ಮಾಡಿಸಿ ಕಾರನ್ನು ಲಾರಿಯ ಮೇಲೆಯೇ ಸಾಗಿಸುತ್ತೇನೆ ಎನ್ನುವವರು ಧೈರ್ಯವಾಗಿ ಕೈಹಾಕಲಿ. ಮೊದಲ ದುಡ್ಡು ಕೇಜ್, ಬೆಲ್ಟ್, ಬ್ರೇಕಿಗೆ ಹೋಗಲಿ, ಎಂಜಿನ್ ಕೊನೆಗೆ. ಬರೀ ವೇಗವಾಗಿ ಓಡಿಸುವ ಆಸೆಯಾದರೆ, ಮನೆಯ ಕಾರಿಗೇ ಹೊಸ ಬ್ರೇಕ್ ಪ್ಯಾಡ್, ಡಾಟ್ 4 ಬ್ರೇಕ್ ಆಯಿಲ್, ಒಳ್ಳೆಯ ಟೈರ್ ಹಾಕಿಸಿ, ಹೆಲ್ಮೆಟ್ ಹಿಡಿದು ಕೊಯಮತ್ತೂರಿನ ಟ್ರ್ಯಾಕ್ ಡೇಗೆ ಹೋಗಿ ಬನ್ನಿ. ಅಪ್ಪನಿಗೆ ಹೇಳಿಯೇ ಹೋಗಿ, ಟ್ರ್ಯಾಕಿನಲ್ಲಾದ ಹಾನಿಯನ್ನು ಸಾಮಾನ್ಯ ಇನ್ಶೂರೆನ್ಸ್ ಕಟ್ಟಿಕೊಡುವುದಿಲ್ಲ.